ಔಷಧಗಳ ಸಮಗ್ರ ಪರಿಶೀಲನೆ: ದುರ್ಬಲ ರೋಗಿಗಳ ರಕ್ಷಣೆಯಲ್ಲಿ ಫಾರ್ಮಸಿಸ್ಟರ ಪಾತ್ರ

ರೋಗ ಬಂದಾಗ ಔಷಧ ಸೇವಿಸುವುದು ಸಹಜ. ಆದರೆ ಸೇವಿಸುತ್ತಿರುವ ಔಷಧಗಳೆಲ್ಲವೂ ಇಂದಿಗೂ ಅಗತ್ಯವೇ, ಅವು ಒಂದಕ್ಕೊಂದು ಹೊಂದಿಕೊಳ್ಳುತ್ತವೆಯೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಹೃದಯ ತಜ್ಞರು ಹೃದಯಕ್ಕೆ, ಮೂಳೆ ತಜ್ಞರು ಮಂಡಿನೋವಿಗೆ, ಕುಟುಂಬ ವೈದ್ಯರು ನೆಗಡಿ ಕೆಮ್ಮಿಗೆ ಔಷಧ ಬರೆಯುತ್ತಾರೆ. ಪ್ರತಿಯೊಂದು ಚೀಟಿಯೂ ತನ್ನಷ್ಟಕ್ಕೆ ಸರಿಯಾಗಿಯೇ ಇರಬಹುದು. ಆದರೆ ಎಲ್ಲ ಚೀಟಿಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಗೋಚರಿಸುವ ದೋಷಗಳು ಅನೇಕ. ಪಟ್ಟಿಗೆ ಹೊಸ ಔಷಧವನ್ನು ಸೇರಿಸುವ ಕಾರ್ಯ ಎಲ್ಲೆಡೆ ನಡೆಯುತ್ತದೆ. ಬೇಡವಾದುದನ್ನು ತೆಗೆದುಹಾಕುವ ಹೊಣೆ ಮಾತ್ರ ಯಾರದೂ ಆಗಿರುವುದಿಲ್ಲ.

ಈ ಕೊರತೆಯನ್ನು ನೀಗಿಸುವ ವಿಧಾನವೇ ಔಷಧಗಳ ಸಮಗ್ರ ಪರಿಶೀಲನೆ. ರೋಗಿಯು ಸೇವಿಸುವ ಎಲ್ಲ ಔಷಧಗಳನ್ನೂ ಒಂದೆಡೆ ಕಲೆಹಾಕಿ, ಪ್ರತಿಯೊಂದರ ಅಗತ್ಯ, ಪ್ರಮಾಣ, ವೇಳೆ ಮತ್ತು ಅಪಾಯಗಳನ್ನು ತರಬೇತಿ ಪಡೆದ ಫಾರ್ಮಸಿಸ್ಟರು ಪರಿಶೀಲಿಸಿ, ವೈದ್ಯರಿಗೆ ಸಲಹೆ ನೀಡುವ ವ್ಯವಸ್ಥೆಯಿದು. ವಯೋವೃದ್ಧರು, ದೀರ್ಘಕಾಲದ ಕಾಯಿಲೆಯವರು ಮತ್ತು ಇತರ ದುರ್ಬಲ ರೋಗಿಗಳಿಗೆ ಇದರ ಪ್ರಯೋಜನ ವಿಶೇಷವಾದುದು.

ಒಂದು ಉದಾಹರಣೆ

ವಿಷಯವನ್ನು ಸ್ಪಷ್ಟಪಡಿಸಲು ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಗದಗಿನಲ್ಲಿದ್ದ 74 ವರ್ಷದ ವೃದ್ಧೆಯೊಬ್ಬರು ಪತಿಯ ನಿಧನಾನಂತರ ಪುಣೆಯಲ್ಲಿರುವ ಮಗನ ಮನೆಗೆ ಬಂದು ನೆಲೆಸುತ್ತಾರೆ. ರಕ್ತದೊತ್ತಡಕ್ಕೆ ಆಮ್ಲೊಡಿಪಿನ್, ಮಧುಮೇಹಕ್ಕೆ ಗ್ಲಿಬೆನ್‌ಕ್ಲಮೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ, ಇವೆರಡನ್ನೂ ಊರಿನ ವೈದ್ಯರು ಬಹುಕಾಲದ ಹಿಂದೆಯೇ ಬರೆದುಕೊಟ್ಟಿದ್ದಾರೆ. ಪುಣೆಯ ವೈದ್ಯರು ರಕ್ತದೊತ್ತಡ ಹೆಚ್ಚಿರುವುದನ್ನು ಕಂಡು ಟೆಲ್ಮಿಸಾರ್ಟನ್ ಮತ್ತು ಆಮ್ಲೊಡಿಪಿನ್ ಎರಡೂ ಕೂಡಿರುವ ಮಾತ್ರೆಯನ್ನು ಬೇರೊಂದು ಕಂಪನಿಯ ಹೆಸರಿನಲ್ಲಿ ಬರೆಯುತ್ತಾರೆ. ಹಳೆಯ ಮಾತ್ರೆಯ ವಿಷಯ ಅವರಿಗೆ ತಿಳಿಯದು. ವೃದ್ಧೆಗೆ ಮರಾಠಿ ಬಾರದು. ಊರಿನ ಡಾಕ್ಟರು ಕೊಟ್ಟದ್ದನ್ನು ಬಿಡಬಾರದೆಂದು ಎರಡನ್ನೂ ಸೇವಿಸುತ್ತಾರೆ.

ಕೆಲವು ವಾರಗಳಲ್ಲಿ ಪಾದಗಳು ಊದಿಕೊಳ್ಳುತ್ತವೆ. ಅದಕ್ಕೆಂದು ಮೂತ್ರ ಹೆಚ್ಚಿಸುವ ಫ್ರುಸೆಮೈಡ್ ಸೇರುತ್ತದೆ. ಮಂಡಿನೋವಿಗೆ ಡೈಕ್ಲೊಫೆನಾಕ್, ನಿದ್ರೆ ಬಾರದಿರುವುದಕ್ಕೆ ಆಲ್‌ಪ್ರಜೋಲಾಮ್ ಬರುತ್ತವೆ. ಒಂದು ರಾತ್ರಿ ಮೂತ್ರಕ್ಕೆಂದು ಎದ್ದ ವೃದ್ಧೆ ತಲೆ ಸುತ್ತಿ ಬಚ್ಚಲುಮನೆಯ ಬಾಗಿಲಲ್ಲಿ ಬೀಳುತ್ತಾರೆ. ವಯಸ್ಸಾಯಿತು, ಹೀಗೆಲ್ಲ ಆಗುವುದೇ ಎಂದು ಮನೆಯವರು ಭಾವಿಸುತ್ತಾರೆ.

ವಾಸ್ತವವಾಗಿ ಇಲ್ಲಿ ವಯಸ್ಸಿನ ಪಾತ್ರಕ್ಕಿಂತ ಮಾತ್ರೆಗಳ ಪಾತ್ರ ದೊಡ್ಡದಿರಬಹುದು. ಆಮ್ಲೊಡಿಪಿನ್ ಎರಡು ಹೆಸರುಗಳಲ್ಲಿ ದೇಹವನ್ನು ಸೇರುತ್ತಿದ್ದು, ಎದ್ದು ನಿಂತಾಗ ರಕ್ತದೊತ್ತಡ ಕುಸಿಯುವ ಸಂಭವವುಂಟು. ಪಾದಗಳ ಊತವೂ ಅದೇ ಔಷಧದ ಸುಪರಿಚಿತ ಅಡ್ಡ ಪರಿಣಾಮ. ಊತಕ್ಕೆ ನೀಡಿದ ಔಷಧವೇ ರಾತ್ರಿಯಲ್ಲಿ ಮತ್ತೆ ಮತ್ತೆ ಎಬ್ಬಿಸಿದೆ. ನಿದ್ರೆಯ ಮಾತ್ರೆ ಕಾಲುಗಳ ಹಿಡಿತವನ್ನು ಸಡಿಲಗೊಳಿಸಿದೆ. ದೀರ್ಘಕಾಲ ಕೆಲಸ ಮಾಡುವ ಗ್ಲಿಬೆನ್‌ಕ್ಲಮೈಡ್ ವೃದ್ಧರಲ್ಲಿ ರಕ್ತದ ಸಕ್ಕರೆಯನ್ನು ಅಪಾಯಕರ ಮಟ್ಟಕ್ಕೆ ಇಳಿಸಬಲ್ಲದು. ಸಾಲದೆಂಬಂತೆ ಟೆಲ್ಮಿಸಾರ್ಟನ್, ಮೂತ್ರವರ್ಧಕ ಮತ್ತು ಡೈಕ್ಲೊಫೆನಾಕ್ ಒಟ್ಟುಗೂಡಿದರೆ ಮೂತ್ರಪಿಂಡಗಳು ಹಠಾತ್ತನೆ ಕೆಡುವ ಭೀತಿಯಿದೆ. ಬರೆದ ಯಾವ ವೈದ್ಯರೂ ಇಲ್ಲಿ ಅಜಾಗರೂಕರಲ್ಲ. ಆದರೆ ಆರು ಬಗೆಯ ಮಾತ್ರೆಗಳನ್ನು ಒಟ್ಟಿಗೆ ನೋಡಿದವರು ಯಾರೂ ಇಲ್ಲ.

ದುರ್ಬಲ ರೋಗಿಗಳು ಯಾರು?

ವಯಸ್ಸಾದಂತೆ ಮೂತ್ರಪಿಂಡಗಳ ಕಾರ್ಯಶಕ್ತಿ ಕುಗ್ಗುತ್ತದೆ. ಆದ್ದರಿಂದ ಮೂತ್ರದ ಮೂಲಕ ಹೊರಹೋಗಬೇಕಾದ ಔಷಧಗಳು ದೇಹದಲ್ಲಿಯೇ ಉಳಿಯುತ್ತವೆ. ದೇಹದ ನೀರಿನಂಶ ಇಳಿದು ಕೊಬ್ಬಿನಂಶ ಏರುವುದರಿಂದ ಡಯಾಜಿಪಾಮ್‌ನಂತಹ, ಕೊಬ್ಬಿನಲ್ಲಿ ಕರಗುವ ಔಷಧಗಳ ಪ್ರಭಾವ ಬಹುಕಾಲ ಮುಂದುವರಿಯುತ್ತದೆ. ಮೆದುಳು ಸಹ ಔಷಧಗಳಿಗೆ ಹೆಚ್ಚು ಸೂಕ್ಷ್ಮವಾಗುತ್ತದೆ. ಈ ಕಾರಣಗಳಿಂದ ನಲವತ್ತರ ವಯಸ್ಸಿನಲ್ಲಿ ಒಗ್ಗಿದ ಪ್ರಮಾಣ ಎಪ್ಪತ್ತೈದರಲ್ಲಿ ಒಗ್ಗದಿರಬಹುದು. 2011ರ ಜನಗಣತಿಯಂತೆ ಭಾರತದಲ್ಲಿ 60 ವರ್ಷ ಮೀರಿದವರ ಸಂಖ್ಯೆ 10 ಕೋಟಿಗೂ ಅಧಿಕವಾಗಿತ್ತು ಎಂಬುದನ್ನು ಗಮನಿಸಿದರೆ ಸಮಸ್ಯೆಯ ವ್ಯಾಪ್ತಿ ಅರಿವಾಗುತ್ತದೆ.

ವಯೋವೃದ್ಧರಲ್ಲದೆ ಈ ಕೆಳಗಿನವರೂ ವಿಶೇಷ ಗಮನಕ್ಕೆ ಅರ್ಹರು:

1. ಐದು ಅಥವಾ ಅದಕ್ಕಿಂತ ಹೆಚ್ಚು ಔಷಧಗಳನ್ನು ನಿತ್ಯವೂ ಸೇವಿಸುವವರು.
2. ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆಯುಳ್ಳವರು.
3. ಒಬ್ಬರಿಗಿಂತ ಹೆಚ್ಚು ವೈದ್ಯರಿಂದ ಏಕಕಾಲಕ್ಕೆ ಚಿಕಿತ್ಸೆ ಪಡೆಯುವವರು.
4. ಆಸ್ಪತ್ರೆಯಿಂದ ಇತ್ತೀಚೆಗೆ ಮನೆಗೆ ಮರಳಿದವರು.
5. ನೆನಪಿನ ಶಕ್ತಿ ಕುಂದಿದವರು, ದೃಷ್ಟಿ ಮಂದವಾದವರು, ಒಂಟಿಯಾಗಿ ವಾಸಿಸುವವರು.
6. ವಾರ್ಫರಿನ್, ಡಿಜಾಕ್ಸಿನ್, ಲಿಥಿಯಂ, ಫೆನಿಟಾಯಿನ್, ಇನ್ಸುಲಿನ್, ಮೆಥೊಟ್ರೆಕ್ಸೇಟ್ ಮುಂತಾದ, ಪ್ರಮಾಣ ಸ್ವಲ್ಪ ತಪ್ಪಿದರೂ ಹಾನಿ ಮಾಡಬಲ್ಲ ಔಷಧಗಳನ್ನು ಸೇವಿಸುವವರು.

ಇವರೊಂದಿಗೆ, ತಾವು ವಾಸಿಸುವ ರಾಜ್ಯದ ಭಾಷೆಯನ್ನು ಅರಿಯದವರನ್ನೂ ಸೇರಿಸಬೇಕು. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮುಂತಾದ ನಗರಗಳಲ್ಲಿ ಮಕ್ಕಳೊಡನೆ ಇರಲು ಬಂದಿರುವ ಕನ್ನಡಿಗ ಹಿರಿಯರು ಅಂಗಡಿಯಲ್ಲಿ ಹೇಳಿದ ಸೂಚನೆಯನ್ನು ಪೂರ್ತಿಯಾಗಿ ಗ್ರಹಿಸದೆ, ಮತ್ತೊಮ್ಮೆ ಕೇಳಲು ಸಂಕೋಚಪಟ್ಟು ಸುಮ್ಮನಾಗುವುದುಂಟು. ವರ್ಷದಲ್ಲಿ ಕೆಲವು ತಿಂಗಳು ಊರಿನಲ್ಲಿ, ಉಳಿದ ತಿಂಗಳು ನಗರದಲ್ಲಿ ಕಳೆಯುವವರ ಕೈಯಲ್ಲಿ ಎರಡು ಊರುಗಳ ಎರಡು ಚೀಟಿಗಳಿರುತ್ತವೆ.

ಸಾಮಾನ್ಯವಾಗಿ ಕಂಡುಬರುವ ದೋಷಗಳು

ಒಂದೇ ಔಷಧದ ಪುನರಾವರ್ತನೆ ಬಹು ಸಾಮಾನ್ಯ. ಭಾರತದ ಮಾರುಕಟ್ಟೆಯಲ್ಲಿ ಒಂದೊಂದು ಔಷಧವೂ ಅನೇಕ ಕಂಪನಿಗಳ ಹೆಸರುಗಳಲ್ಲಿ ದೊರೆಯುವುದರಿಂದ, ಹೆಸರು ಬೇರೆಯಾದರೆ ಔಷಧವೂ ಬೇರೆ ಎಂದು ಜನರು ಭಾವಿಸುತ್ತಾರೆ. ಜ್ವರದ ಮಾತ್ರೆ, ನೆಗಡಿಯ ಮಾತ್ರೆ, ಮೈಕೈ ನೋವಿನ ಮಾತ್ರೆ ಈ ಮೂರರಲ್ಲಿಯೂ ಪ್ಯಾರಸಿಟಮಾಲ್ ಇರಬಹುದು. ಪ್ರಮಾಣ ಮೀರಿದರೆ ಅದು ಯಕೃತ್ತಿಗೆ ಹಾನಿಕರ.

ಒಂದು ಔಷಧದ ಅಡ್ಡ ಪರಿಣಾಮವನ್ನು ಹೊಸ ರೋಗವೆಂದು ತಿಳಿದು ಮತ್ತೊಂದು ಔಷಧ ನೀಡುವುದು ಎರಡನೆಯ ದೋಷ. ಮೇಲಿನ ಉದಾಹರಣೆಯ ಪಾದಗಳ ಊತ ಈ ಬಗೆಯದು. ತಲೆಸುತ್ತಿಗೆ ನೀಡುವ ಸಿನ್ನರಿಜಿನ್, ವಾಂತಿಗೆ ನೀಡುವ ಮೆಟೊಕ್ಲೊಪ್ರಮೈಡ್‌ಗಳನ್ನು ವೃದ್ಧರು ದೀರ್ಘಕಾಲ ಸೇವಿಸಿದರೆ ಕೈನಡುಕ ಮತ್ತು ನಡಿಗೆಯ ಬಿಗಿತ ಕಾಣಿಸಿಕೊಂಡು, ಪಾರ್ಕಿನ್ಸನ್ ಕಾಯಿಲೆಯೆಂಬ ತಪ್ಪು ಗ್ರಹಿಕೆಗೆ ಎಡೆಯಾಗಬಹುದು.

ದೇಹಸ್ಥಿತಿ ಬದಲಾದರೂ ಪ್ರಮಾಣ ಬದಲಾಗದಿರುವುದು ಮೂರನೆಯದು. ಮೂತ್ರಪಿಂಡದ ಸೋಸುವ ಸಾಮರ್ಥ್ಯ ನಿಮಿಷಕ್ಕೆ 45 ಮಿಲಿಲೀಟರಿಗಿಂತ ಕಡಿಮೆಯಾದಾಗ ಮೆಟ್‌ಫಾರ್ಮಿನ್ ಬಳಕೆಯನ್ನು ಮರುಪರಿಶೀಲಿಸಬೇಕು. 30ಕ್ಕಿಂತ ಕಡಿಮೆಯಾದಾಗ ಅದನ್ನು ನೀಡಬಾರದು. ಹತ್ತು ವರ್ಷದ ಹಿಂದಿನ ಚೀಟಿಯನ್ನೇ ತೋರಿಸಿ ಔಷಧ ಕೊಳ್ಳುತ್ತಿರುವವರಲ್ಲಿ ಈ ಪರೀಕ್ಷೆಯೇ ನಡೆದಿರುವುದಿಲ್ಲ.

ಸೇವನೆಯ ವಿಧಾನದಲ್ಲಿನ ತಪ್ಪು ನಾಲ್ಕನೆಯದು. ಸಂಧಿವಾತಕ್ಕೆ ನೀಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ಸೇವಿಸಬೇಕಾದುದು. ಅದನ್ನು ಪ್ರತಿದಿನ ಸೇವಿಸಿ ಪ್ರಾಣ ಕಳೆದುಕೊಂಡವರಿದ್ದಾರೆ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಗೂ ನಡುವೆ ನಾಲ್ಕು ಗಂಟೆಗಳ ಅಂತರವಿಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ದೇಹಗತವಾಗುವುದಿಲ್ಲ.

ಮನೆಮದ್ದು ಮತ್ತು ನಾಟಿ ಔಷಧಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಐದನೆಯದು. ಕೆಮ್ಮಿಗೆ ಬಳಸುವ ಜ್ಯೇಷ್ಠಮಧುವನ್ನು ಹೆಚ್ಚು ಪ್ರಮಾಣದಲ್ಲಿ ದೀರ್ಘಕಾಲ ಸೇವಿಸಿದರೆ ರಕ್ತದೊತ್ತಡ ಏರಿ, ಪೊಟ್ಯಾಸಿಯಂ ಇಳಿಯುತ್ತದೆ. ಇಂತಹ ಸಂಗತಿಯನ್ನು ರೋಗಿಗಳು ತಾವಾಗಿ ಹೇಳುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ.

ಅಗತ್ಯವಾದ ಔಷಧ ಪಟ್ಟಿಯಲ್ಲಿ ಇಲ್ಲದಿರುವುದೂ ದೋಷವೇ. ಹೃದಯಾಘಾತವಾದವರು ಖರ್ಚಿನ ಕಾರಣಕ್ಕಾಗಿ ಕೊಲೆಸ್ಟರಾಲ್ ಇಳಿಸುವ ಮಾತ್ರೆಯನ್ನು ತಾವೇ ನಿಲ್ಲಿಸಿರಬಹುದು. ಆದ್ದರಿಂದ ಪರಿಶೀಲನೆಯೆಂದರೆ ಕೇವಲ ಮಾತ್ರೆಗಳನ್ನು ಕಡಿಮೆ ಮಾಡುವ ಕಾರ್ಯವೆಂದು ತಿಳಿಯಬಾರದು.

ಪರಿಶೀಲನೆ ನಡೆಯುವ ಕ್ರಮ

ಪರಿಶೀಲನೆಯ ಮೊದಲ ಹೆಜ್ಜೆ ಅತ್ಯಂತ ಸರಳವಾದುದು. ಮನೆಯಲ್ಲಿರುವ ಎಲ್ಲ ಮಾತ್ರೆ, ಟಾನಿಕ್, ಹನಿ ಔಷಧ, ಮುಲಾಮು, ಇನ್‌ಹೇಲರ್, ಚೂರ್ಣ, ಲೇಹ್ಯಗಳನ್ನು ಒಂದು ಚೀಲದಲ್ಲಿ ತುಂಬಿ ಫಾರ್ಮಸಿಸ್ಟರ ಮುಂದೆ ಇಡುವುದು. ಚೀಟಿಯಲ್ಲಿ ಬರೆದಿರುವುದಕ್ಕೂ ರೋಗಿ ನಿಜವಾಗಿ ಸೇವಿಸುತ್ತಿರುವುದಕ್ಕೂ ಇರುವ ಅಂತರ ಇಲ್ಲಿಯೇ ಬಯಲಾಗುತ್ತದೆ.

ಎರಡನೆಯದಾಗಿ, ಪ್ರತಿಯೊಂದು ಔಷಧವನ್ನೂ ಅದರ ಮೂಲ ಹೆಸರಿನಲ್ಲಿ ಬರೆದು ಪಟ್ಟಿ ತಯಾರಿಸಲಾಗುತ್ತದೆ. ಪುನರಾವರ್ತನೆಗಳು ಈ ಹಂತದಲ್ಲಿಯೇ ಎದ್ದು ಕಾಣುತ್ತವೆ.

ಮೂರನೆಯದಾಗಿ, ರೋಗಿಯನ್ನು ಮಾತನಾಡಿಸಲಾಗುತ್ತದೆ. ಈ ಮಾತ್ರೆ ಯಾವುದಕ್ಕೆ, ಯಾವಾಗ ಸೇವಿಸುತ್ತೀರಿ, ಯಾವುದನ್ನಾದರೂ ಬಿಟ್ಟಿದ್ದೀರಾ, ಏಕೆ ಬಿಟ್ಟಿರಿ, ತಲೆಸುತ್ತು, ಮಲಬದ್ಧತೆ, ಮರೆವು, ಬೀಳುವುದು ಇವುಗಳಲ್ಲಿ ಯಾವುದಾದರೂ ಇದೆಯೇ ಎಂಬ ಪ್ರಶ್ನೆಗಳು ಬರುತ್ತವೆ. ಉತ್ತರಿಸುವವರಿಗೆ ಗದರಿಕೆಯ ಭಯ ಇರಬಾರದು. ಮಾತ್ರೆ ನುಂಗಲಾಗದವರು, ದುಡ್ಡಿಲ್ಲದೆ ದಿನ ಬಿಟ್ಟು ದಿನ ಸೇವಿಸುವವರು ಸತ್ಯವನ್ನು ಹೇಳುವಂತಾಗುವುದೇ ಈ ಸಂಭಾಷಣೆಯ ಉದ್ದೇಶ.

ನಾಲ್ಕನೆಯದಾಗಿ, ರಕ್ತದೊತ್ತಡ, ರಕ್ತದ ಸಕ್ಕರೆ, ಕ್ರಿಯಾಟಿನಿನ್ ಮುಂತಾದ ಪರೀಕ್ಷೆಗಳ ವರದಿಯೊಡನೆ ಪಟ್ಟಿಯನ್ನು ಹೋಲಿಸಲಾಗುತ್ತದೆ. ಪ್ರತಿ ಔಷಧಕ್ಕೂ ಒಂದು ಕಾರಣ ಇರಲೇಬೇಕು. ಕಾರಣ ಕಾಣದ ಔಷಧವನ್ನು ಗುರುತು ಮಾಡಲಾಗುತ್ತದೆ.

ಐದನೆಯದಾಗಿ, ಫಾರ್ಮಸಿಸ್ಟರು ತಮ್ಮ ಸಲಹೆಗಳನ್ನು ಬರೆದು ವೈದ್ಯರಿಗೆ ಕಳುಹಿಸುತ್ತಾರೆ. ನಿರ್ಧಾರ ವೈದ್ಯರದು. ಮೇಲಿನ ಉದಾಹರಣೆಯಲ್ಲಾದರೆ, ಆಮ್ಲೊಡಿಪಿನ್ ಎರಡು ಕಡೆ ಇರುವುದು, ಊತಕ್ಕೆ ಅದೇ ಕಾರಣವಿರಬಹುದಾದುದು, ಡೈಕ್ಲೊಫೆನಾಕ್ ಬದಲಿಗೆ ಸುರಕ್ಷಿತ ಉಪಾಯದ ಅಗತ್ಯ, ಗ್ಲಿಬೆನ್‌ಕ್ಲಮೈಡ್‌ಗೆ ಪರ್ಯಾಯ, ಆಲ್‌ಪ್ರಜೋಲಾಮ್ ಅನ್ನು ಹಂತಹಂತವಾಗಿ ಇಳಿಸುವ ಸಾಧ್ಯತೆ, ಮೂತ್ರಪಿಂಡದ ಪರೀಕ್ಷೆ ಎಂಬ ಆರು ಅಂಶಗಳು ಆ ಪತ್ರದಲ್ಲಿರುತ್ತವೆ.

ಕೊನೆಯದಾಗಿ, ಬದಲಾವಣೆಗಳಾದ ಮೇಲೆ ರೋಗಿಗೆ ತಿಳಿಯುವ ಭಾಷೆಯಲ್ಲಿ ಹೊಸ ಪಟ್ಟಿಯನ್ನು ಬರೆದುಕೊಡಬೇಕು. ಕೆಲವು ವಾರಗಳ ನಂತರ ಮತ್ತೊಮ್ಮೆ ವಿಚಾರಿಸಬೇಕು.

ಇತರ ದೇಶಗಳ ಅನುಭವ

ಔಷಧವನ್ನು ಎಣಿಸಿ ಕೊಡುವುದಷ್ಟೇ ಅಲ್ಲ, ಅದರಿಂದ ರೋಗಿಗೆ ಆಗುವ ಫಲಕ್ಕೂ ಫಾರ್ಮಸಿಸ್ಟರು ಹೊಣೆಗಾರರು ಎಂಬ ತತ್ತ್ವವನ್ನು 1990ರಲ್ಲಿ ಅಮೆರಿಕದ ಹೆಪ್ಲರ್ ಮತ್ತು ಸ್ಟ್ರ್ಯಾಂಡ್ ಎಂಬ ವಿದ್ವಾಂಸರು ಪ್ರತಿಪಾದಿಸಿದರು. ಮರುವರ್ಷವೇ ಅಲ್ಲಿನ ವೈದ್ಯ ಮಾರ್ಕ್ ಬಿಯರ್ಸ್ ಮತ್ತು ಅವರ ಸಹೋದ್ಯೋಗಿಗಳು ವೃದ್ಧಾಶ್ರಮವಾಸಿಗಳಿಗೆ ಸೂಕ್ತವಲ್ಲದ ಔಷಧಗಳ ಪಟ್ಟಿಯನ್ನು ಪ್ರಕಟಿಸಿದರು. ಕಾಲಕಾಲಕ್ಕೆ ಪರಿಷ್ಕೃತಗೊಂಡ ಆ ಪಟ್ಟಿ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 2008ರಲ್ಲಿ ಐರ್ಲೆಂಡಿನ ತಜ್ಞರು ನಿಲ್ಲಿಸಬೇಕಾದ ಮತ್ತು ಆರಂಭಿಸಬೇಕಾದ ಔಷಧಗಳೆರಡನ್ನೂ ಒಳಗೊಂಡ ಮಾನದಂಡವನ್ನು ರೂಪಿಸಿದರು.

ಆಸ್ಟ್ರೇಲಿಯಾದಲ್ಲಿ 2001ರಿಂದ, ವೈದ್ಯರ ಶಿಫಾರಸಿನ ಮೇಲೆ ಫಾರ್ಮಸಿಸ್ಟರು ರೋಗಿಯ ಮನೆಗೇ ಹೋಗಿ ಔಷಧಗಳನ್ನು ಪರಿಶೀಲಿಸುವ ಯೋಜನೆ ಜಾರಿಗೆ ಬಂದಿತು. ಅದರ ವೆಚ್ಚವನ್ನು ಸರ್ಕಾರ ಭರಿಸುತ್ತದೆ. ಇಂಗ್ಲೆಂಡಿನಲ್ಲಿ 2020ರಿಂದ ಪ್ರಾಥಮಿಕ ಆರೈಕೆಯ ಕೇಂದ್ರಗಳು ದುರ್ಬಲ ರೋಗಿಗಳಿಗೆ ಈ ಸೇವೆ ಒದಗಿಸುತ್ತಿವೆ. ಅಲ್ಲಿ ವಿತರಿಸಲಾಗುವ ಔಷಧಗಳಲ್ಲಿ ಸುಮಾರು ಶೇ. 10ರಷ್ಟು ಅನಗತ್ಯವೆಂದು 2021ರ ಸರ್ಕಾರಿ ವರದಿ ಅಂದಾಜು ಮಾಡಿತು.

ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ, ತಡೆಗಟ್ಟಬಹುದಾದ ತೀವ್ರ ಔಷಧ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕೆ ಇಳಿಸುವ ಗುರಿಯೊಂದಿಗೆ ಜಾಗತಿಕ ಅಭಿಯಾನವನ್ನು ಪ್ರಾರಂಭಿಸಿತು. ಔಷಧ ಸಂಬಂಧಿ ತಪ್ಪುಗಳಿಂದ ಪ್ರಪಂಚಕ್ಕೆ ವರ್ಷಕ್ಕೆ ಸುಮಾರು 4,200 ಕೋಟಿ ಡಾಲರ್ ನಷ್ಟವಾಗುತ್ತಿದೆಯೆಂದು ಆಗ ಅಂದಾಜಿಸಲಾಗಿತ್ತು. ಅನೇಕ ಔಷಧಗಳ ಸೇವನೆ, ಆಸ್ಪತ್ರೆಯಿಂದ ಮನೆಗೆ ಮರಳುವ ಸಂದರ್ಭ ಮತ್ತು ಅಪಾಯ ಹೆಚ್ಚಿರುವ ಸನ್ನಿವೇಶಗಳನ್ನು ಮೂರು ಆದ್ಯತೆಗಳೆಂದು ಅದು ಗುರುತಿಸಿತು.

ಆದರೆ ಈ ಸೇವೆಯಿಂದ ಎಲ್ಲವೂ ತಾನಾಗಿ ಸರಿಹೋಗುವುದೆಂದು ತಿಳಿಯುವುದು ತಪ್ಪಾದೀತು. ಔಷಧ ಸಂಬಂಧಿ ದೋಷಗಳು ಪತ್ತೆಯಾಗುವುದು ನಿಶ್ಚಿತವಾದರೂ, ಮರಣ ಪ್ರಮಾಣ ಇಳಿಯುತ್ತದೆಂದು ಅಧ್ಯಯನಗಳು ಸಿದ್ಧಪಡಿಸಿಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾದ 80 ವರ್ಷ ಮೀರಿದವರ ಮನೆಗಳಿಗೆ ಫಾರ್ಮಸಿಸ್ಟರು ಭೇಟಿ ನೀಡಿದ ಇಂಗ್ಲೆಂಡಿನ ಪ್ರಯೋಗವೊಂದರಲ್ಲಿ ಮರುದಾಖಲಾತಿ ಕಡಿಮೆಯಾಗುವ ಬದಲು ಹೆಚ್ಚಾಯಿತೆಂದು 2005ರಲ್ಲಿ ಪ್ರಕಟವಾದ ಫಲಿತಾಂಶ ತಿಳಿಸಿತು. ಭೇಟಿಯೊಂದೇ ಸಾಲದು, ವೈದ್ಯರೊಡನೆ ನಿಕಟ ಸಂಪರ್ಕ, ರೋಗಿಯ ಸಂಪೂರ್ಣ ದಾಖಲೆ ಮತ್ತು ಅನುಸರಣೆ ಇರಬೇಕು ಎಂಬ ಎಚ್ಚರವನ್ನು ಇಂತಹ ಅನುಭವಗಳು ನೀಡುತ್ತವೆ.

ಭಾರತದಲ್ಲಿನ ಸ್ಥಿತಿ

1948ರ ಫಾರ್ಮಸಿ ಕಾಯಿದೆಯು ವೈದ್ಯರ ಚೀಟಿಯ ಮೇಲೆ ಔಷಧ ವಿತರಿಸುವ ಅಧಿಕಾರವನ್ನು ನೋಂದಾಯಿತ ಫಾರ್ಮಸಿಸ್ಟರಿಗೆ ನೀಡಿತು. ಆದರೂ ಜನರ ದೃಷ್ಟಿಯಲ್ಲಿ ಅವರು ಬಹುಕಾಲ ಅಂಗಡಿಯ ವ್ಯಾಪಾರಿಗಳಾಗಿಯೇ ಉಳಿದರು. ರೋಗಿಯ ಹಾಸಿಗೆಯ ಬಳಿ ಕೆಲಸ ಮಾಡುವ ಫಾರ್ಮಸಿಸ್ಟರ ತರಬೇತಿಯಲ್ಲಿ ಕರ್ನಾಟಕದ ಪಾತ್ರ ಗಣನೀಯ. 1990ರ ದಶಕದ ಉತ್ತರಾರ್ಧದಲ್ಲಿ ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು, ಆಸ್ಟ್ರೇಲಿಯಾದ ತಜ್ಞರ ನೆರವಿನೊಂದಿಗೆ ಈ ವಿಷಯದಲ್ಲಿ ಸ್ನಾತಕೋತ್ತರ ಶಿಕ್ಷಣವನ್ನು ಆರಂಭಿಸಿ, ಆಸ್ಪತ್ರೆಯ ವಾರ್ಡುಗಳಲ್ಲಿ ಔಷಧ ಪರಿಶೀಲನೆಗೆ ನಾಂದಿ ಹಾಡಿತು. 2008ರಲ್ಲಿ ಆರು ವರ್ಷಗಳ ಫಾರ್ಮ್.ಡಿ. ಪದವಿ ದೇಶದಲ್ಲಿ ಪ್ರಾರಂಭವಾಯಿತು.

2015ರ ಫಾರ್ಮಸಿ ವೃತ್ತಿ ನಿಯಮಾವಳಿಯು ಇನ್ನಷ್ಟು ಮುಂದೆ ಹೋಗಿದೆ. ಔಷಧದ ಅತಿಬಳಕೆ ಅಥವಾ ಅಲ್ಪಬಳಕೆ, ಪುನರಾವರ್ತನೆ, ಔಷಧಗಳ ನಡುವಣ ಘರ್ಷಣೆ, ತಪ್ಪು ಪ್ರಮಾಣ, ಅಲರ್ಜಿ ಇವುಗಳನ್ನು ಗುರುತಿಸುವ ಸಲುವಾಗಿ ರೋಗಿಯ ದಾಖಲೆ ಮತ್ತು ಚೀಟಿಯನ್ನು ಪರಿಶೀಲಿಸುವುದು ನೋಂದಾಯಿತ ಫಾರ್ಮಸಿಸ್ಟರ ಕರ್ತವ್ಯವೆಂದು ಅದು ಹೇಳುತ್ತದೆ. ಸೇವನೆಯ ವಿಧಾನ, ಅಡ್ಡ ಪರಿಣಾಮ, ಸಂಗ್ರಹಣೆ, ಒಂದು ಹೊತ್ತು ತಪ್ಪಿದರೆ ಮಾಡಬೇಕಾದುದು ಇವನ್ನು ರೋಗಿಗೆ ವಿವರಿಸುವುದೂ ಆ ಕರ್ತವ್ಯದ ಭಾಗ. ಹೀಗಾಗಿ ಅಂಗಡಿಯಲ್ಲಿ ವಿವರಣೆ ಕೇಳುವ ರೋಗಿ ಉಪಕಾರ ಬೇಡುತ್ತಿಲ್ಲ, ತನಗೆ ಸಲ್ಲಬೇಕಾದುದನ್ನು ಕೇಳುತ್ತಿದ್ದಾನೆ. ಆದಾಗ್ಯೂ ನಿಯಮಕ್ಕೂ ಆಚರಣೆಗೂ ಅಂತರ ಇನ್ನೂ ಉಳಿದಿದೆ. ವ್ಯವಸ್ಥಿತ ಪರಿಶೀಲನೆ ಮುಖ್ಯವಾಗಿ ಬೋಧನಾ ಆಸ್ಪತ್ರೆಗಳಲ್ಲಿ ಮತ್ತು ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತದೆ.

ಔಷಧಗಳ ಅಡ್ಡ ಪರಿಣಾಮಗಳನ್ನು ದಾಖಲಿಸಲು 2010ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮವನ್ನು ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ನಡೆಸುತ್ತಿದೆ. ರೋಗಿಗಳು ಮತ್ತು ಅವರ ಮನೆಯವರು ಸಹ 1800-180-3024 ಎಂಬ ಉಚಿತ ದೂರವಾಣಿಯ ಮೂಲಕ ವರದಿ ಮಾಡಬಹುದು. ಸಾರ್ವಜನಿಕರಿಗಾಗಿರುವ ವರದಿ ನಮೂನೆ ಕನ್ನಡದಲ್ಲಿಯೂ ಲಭ್ಯವಿದೆ.

ಮನೆಯವರು ಮಾಡಬೇಕಾದುದು

1. ಹಿರಿಯರು ಸೇವಿಸುವ ಎಲ್ಲ ಔಷಧಗಳ ಒಂದು ಪಟ್ಟಿಯನ್ನು ಬರೆದಿಡಬೇಕು. ಸ್ಟ್ರಿಪ್ ಮೇಲೆ ಮುದ್ರಿತವಾಗಿರುವ ಮೂಲ ಹೆಸರು, ಪ್ರಮಾಣ, ವೇಳೆ, ಕಾರಣ ಮತ್ತು ಬರೆದ ವೈದ್ಯರ ಹೆಸರು ಅದರಲ್ಲಿರಬೇಕು. ಕನ್ನಡದ ಪ್ರತಿಯೊಂದು ಹಿರಿಯರ ಬಳಿ, ಇಂಗ್ಲಿಷ್ ಪ್ರತಿಯೊಂದು ವೈದ್ಯರಿಗೆ ತೋರಿಸಲು ಇದ್ದರೆ ಅನುಕೂಲ.

2. ಯಾವ ವೈದ್ಯರ ಬಳಿಗೆ ಹೋದರೂ ಆ ಪಟ್ಟಿಯನ್ನು ಮೊದಲು ತೋರಿಸಬೇಕು. ಹೊಸ ಔಷಧ ಬರೆದಾಗ, ಹಳೆಯದರಲ್ಲಿ ಯಾವುದನ್ನು ನಿಲ್ಲಿಸಬೇಕೆಂದು ಕೇಳಬೇಕು.

3. ಸಾಧ್ಯವಾದಷ್ಟೂ ಒಂದೇ ಅಂಗಡಿಯಲ್ಲಿ ಔಷಧ ಕೊಳ್ಳಬೇಕು. ಚೀಟಿಯಿಲ್ಲದೆ ನೋವಿನ ಮಾತ್ರೆ, ನಿದ್ರೆಯ ಮಾತ್ರೆಗಳನ್ನು ಕೊಳ್ಳಬಾರದು.

4. ವರ್ಷಕ್ಕೊಮ್ಮೆಯಾದರೂ, ಹಾಗೂ ಆಸ್ಪತ್ರೆಯಿಂದ ಮರಳಿದ ಕೂಡಲೇ, ಔಷಧಗಳ ಚೀಲವನ್ನು ವೈದ್ಯರಿಗೆ ಅಥವಾ ಆಸ್ಪತ್ರೆಯ ಫಾರ್ಮಸಿಸ್ಟರಿಗೆ ತೋರಿಸಿ ಪರಿಶೀಲನೆ ಕೋರಬೇಕು. ಹಿರಿಯರಿಗೆ ಸ್ಥಳೀಯ ಭಾಷೆ ಬಾರದಿದ್ದರೆ ಮನೆಯವರೊಬ್ಬರು ಜೊತೆಯಲ್ಲಿರಬೇಕು.

5. ಹೊಸದಾಗಿ ತಲೆಸುತ್ತು, ಗೊಂದಲ, ಊತ, ಬೀಳುವಿಕೆ ಕಾಣಿಸಿಕೊಂಡರೆ, ಇತ್ತೀಚೆಗೆ ಯಾವ ಔಷಧ ಆರಂಭವಾಯಿತೆಂದು ನೆನಪಿಸಿಕೊಂಡು ವೈದ್ಯರಿಗೆ ತಿಳಿಸಬೇಕು.

6. ಈ ಲೇಖನವನ್ನೋ ಇತರರ ಮಾತನ್ನೋ ಆಧರಿಸಿ ಯಾವ ಔಷಧವನ್ನೂ ತಾವಾಗಿ ನಿಲ್ಲಿಸಬಾರದು. ಅಪಸ್ಮಾರದ ಔಷಧ, ಸ್ಟೆರಾಯ್ಡ್, ಅಟೆನೊಲಾಲ್, ಮೆಟೊಪ್ರೊಲಾಲ್‌ನಂತಹ ಹೃದಯದ ಔಷಧ ಮತ್ತು ಬಹುಕಾಲ ಸೇವಿಸಿದ ನಿದ್ರೆಯ ಮಾತ್ರೆಗಳನ್ನು ಒಮ್ಮೆಲೇ ಬಿಡುವುದು ಪ್ರಾಣಾಪಾಯಕ್ಕೆ ದಾರಿಯಾಗಬಹುದು.

ಔಷಧ ಪರಿಶೀಲನೆಗೆ ದುಬಾರಿ ಯಂತ್ರಗಳು ಬೇಕಿಲ್ಲ. ಔಷಧಗಳನ್ನು ಬಲ್ಲ ಒಬ್ಬರು, ಎಲ್ಲ ಮಾತ್ರೆಗಳನ್ನು ಮುಂದಿಟ್ಟುಕೊಂಡು, ರೋಗಿಯ ಮಾತನ್ನು ತಾಳ್ಮೆಯಿಂದ ಕೇಳುವಷ್ಟು ಸಮಯ ಬೇಕು. ವೈದ್ಯರು, ಫಾರ್ಮಸಿಸ್ಟರು ಮತ್ತು ಮನೆಯವರು ಈ ಕಾರ್ಯದಲ್ಲಿ ಕೈಜೋಡಿಸಿದರೆ, ವಯಸ್ಸಿನ ದೋಷವೆಂದು ಇಂದು ಸಹಿಸಿಕೊಳ್ಳಲಾಗುತ್ತಿರುವ ಹಲವು ತೊಂದರೆಗಳು ನಿವಾರಣೆಯಾಗಲು ಸಾಧ್ಯವಿದೆ.